ಹುಟ್ಟಿದ ಊರು ಒಂದು, ಆಟ ಕಲಿತ ಊರು ಇನ್ನೊಂದು: ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ತಾಣದ ಊರುಪಟ್ಟಿಗಳ ವಿಮರ್ಶೆ

ಅತ್ಯುತ್ತಮ ಬ್ಯಾಸ್ಕೆಟ್‌ಬಾಲ್ ಆಟಗಾರರು ಯಾವ ಸೀಮೆಯಿಂದ ಹೆಚ್ಚು ಬರುತ್ತಾರೆ ಎಂದು ಹುಡುಕಲು ಹೊರಟವರಲ್ಲಿ ಬಹುಪಾಲು ಜನ ಹೋಗಿ ನಿಲ್ಲುವುದು ಒಂದೇ ಬಾಗಿಲಲ್ಲಿ: ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ತಾಣದ ಹುಟ್ಟೂರುಗಳ ಪುಟ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. 1946ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಶುರುವಾದಾಗಿನಿಂದ ಇಂದಿನವರೆಗೆ ಆಡಿದವರನ್ನು ರಾಜ್ಯವಾರು, ದೇಶವಾರು ವಿಂಗಡಿಸಿ ಕೊಡುತ್ತದೆ. ಮಾಹಿತಿಯ ಅಚ್ಚುಕಟ್ಟುತನಕ್ಕೆ ಪೂರ್ತಿ ಅಂಕ ಕೊಡಬಹುದು. ಆದರೆ ಆ ಪುಟದಿಂದ ತಿಳಿಯುವುದು ಹೆರಿಗೆಯಾದ ಆಸ್ಪತ್ರೆ ಯಾವ ಊರಿನಲ್ಲಿತ್ತು ಎಂಬುದಷ್ಟೇ. ಹುಡುಗ ಚೆಂಡು ಹಿಡಿದು ಬೆಳೆದದ್ದು ಎಲ್ಲಿ ಎಂದು ತಿಳಿಯಬೇಕಾದರೆ ಅದೇ ತಾಣದ ಇನ್ನೊಂದು ಪುಟ, ಹೈಸ್ಕೂಲು ಊರುಗಳ ಪಟ್ಟಿ, ತೆರೆಯಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಈ ಸೇವೆಯ ನಿಜವಾದ ಬೆಲೆ ಗೊತ್ತಾಗುವುದು.

ಎರಡೂ ಪುಟಗಳು ಮುಖ್ಯ ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ತಾಣದ ಪೂರ್ಣ ಮೆನುವಿನಲ್ಲಿ ಫ್ರಿವಾಲಿಟೀಸ್ ಎಂಬ ವಿಭಾಗದೊಳಗೆ ಅವು ಅಡಗಿವೆ. ಹೆಸರಿನ ಅರ್ಥ ಹಗುರವಾದದ್ದು ಎಂದಾದರೂ ಇಡೀ ತಾಣದಲ್ಲಿ ಇಷ್ಟು ಉಪಯುಕ್ತವಾದ ಮೂಲೆ ಅಪರೂಪ. ರಾಜ್ಯದ ಹೆಸರು ಒತ್ತಿದರೆ ಆಟಗಾರ, ಆಡಿದ ಮೊದಲ ಮತ್ತು ಕೊನೆಯ ವರ್ಷ, ಹುಟ್ಟಿದ ದಿನ, ಹುಟ್ಟಿದ ಊರು, ಪಂದ್ಯ, ನಿಮಿಷ, ಅಂಕ ಎಲ್ಲ ಒಂದೇ ಕೋಷ್ಟಕದಲ್ಲಿ ಬರುತ್ತವೆ. ಯಾವ ಕಾಲಂ ತಲೆಯ ಮೇಲೆ ಒತ್ತಿದರೂ ಅದರ ಪ್ರಕಾರ ಸಾಲುಗಳು ಮರುಜೋಡಣೆಯಾಗುತ್ತವೆ. ಒಂದು ಸಂಗತಿ ನೆನಪಿರಲಿ: ಎಣಿಕೆಯಲ್ಲಿ ಎನ್‌ಬಿಎ ಜೊತೆಗೆ 1967ರಿಂದ 1976ರವರೆಗೆ ಅದಕ್ಕೆ ಪೈಪೋಟಿಯಾಗಿ ನಡೆದ ಎಬಿಎ ಲೀಗಿನವರೂ ಸೇರಿದ್ದಾರೆ. ಇಂದಿನ ಸ್ಥಿತಿ ತಿಳಿಯಬೇಕಾದವರು ಕೊನೆಯ ವರ್ಷದ ಕಾಲಂ ನೋಡಿ ಹಳಬರನ್ನು ಬೇರ್ಪಡಿಸದಿದ್ದರೆ ನ್ಯೂಯಾರ್ಕಿನಂಥ ಹಳೆಯ ಬ್ಯಾಸ್ಕೆಟ್‌ಬಾಲ್ ಸೀಮೆ ಈಗಲೂ ಅಷ್ಟೇ ಭರ್ಜರಿಯಾಗಿದೆ ಎಂಬ ತಪ್ಪು ಚಿತ್ರ ಸಿಗುತ್ತದೆ.

ಹುಟ್ಟೂರಿನ ಕಾಲಂ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಓಹಾಯೋದ ಆಕ್ರನ್ ಊರು ಸಾಕು. ಲೆಬ್ರಾನ್ ಜೇಮ್ಸ್ 1984ರಲ್ಲಿ ಹುಟ್ಟಿದ್ದು ಅಲ್ಲಿ, ಸ್ಟೆಫನ್ ಕರ್ರಿ 1988ರಲ್ಲಿ ಹುಟ್ಟಿದ್ದೂ ಅಲ್ಲಿ. ಜೇಮ್ಸ್ ಆ ಊರಿನ ಬೀದಿಗಳಲ್ಲೇ ಬೆಳೆದವರು. ಕರ್ರಿ ಅಲ್ಲಿ ಹುಟ್ಟಿದ್ದು ತಂದೆ ಡೆಲ್ ಕರ್ರಿ ಆ ವರ್ಷ ಹತ್ತಿರದ ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದರು ಎಂಬ ಕಾರಣಕ್ಕೆ. ಆಟ ಕಲಿತದ್ದು ನಾರ್ತ್ ಕೆರೊಲಿನಾದ ಶಾರ್ಲೆಟ್‌ನಲ್ಲಿ. ಪಟ್ಟಿಯಲ್ಲಿ ಇಬ್ಬರೂ ಓಹಾಯೋದ ಮಕ್ಕಳೇ. ಮೈಕೆಲ್ ಜೋರ್ಡನ್ ಹುಟ್ಟಿದ್ದು ಬ್ರೂಕ್ಲಿನ್, ಹೈಸ್ಕೂಲು ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್. ಶಕೀಲ್ ಓನೀಲ್ ಹುಟ್ಟಿದ್ದು ನ್ಯೂಜೆರ್ಸಿಯ ನ್ಯೂವರ್ಕ್, ಹೈಸ್ಕೂಲು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ, ಕಾಲೇಜು ಲೂಯಿಸಿಯಾನ. ತಂದೆ ಆಟಗಾರ, ಸೈನಿಕ ಅಥವಾ ಕೆಲಸ ಹುಡುಕಿ ವಲಸೆ ಹೋದವನಾಗಿದ್ದರೆ ಹುಟ್ಟೂರು ಎಂಬುದು ಬರೀ ದಾಖಲೆಯ ಮಾತು.

ಈ ವಲಸೆ ಅಲ್ಲೊಬ್ಬ ಇಲ್ಲೊಬ್ಬರ ಮಾತಲ್ಲ. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣದ ರಾಜ್ಯಗಳಿಂದ ಲಕ್ಷಾಂತರ ಕಪ್ಪು ಕುಟುಂಬಗಳು ಉತ್ತರಕ್ಕೂ ಪಶ್ಚಿಮಕ್ಕೂ ಹೋದವು. ಅದರ ಗುರುತು ಈ ಎರಡು ಪಟ್ಟಿಗಳ ನಡುವಿನ ಅಂತರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಿಲ್ ರಸೆಲ್ ಹುಟ್ಟಿದ್ದು ಲೂಯಿಸಿಯಾನದ ಮನ್ರೋ, ಓದಿದ್ದು ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡ್. ಸ್ಪೆನ್ಸರ್ ಹೇವುಡ್ ಹುಟ್ಟಿದ್ದು ಮಿಸಿಸಿಪ್ಪಿ, ಹೆಸರು ಮಾಡಿದ್ದು ಡೆಟ್ರಾಯಿಟ್. ಇಂಡಿಯಾನದ ಉದಾಹರಣೆಯಂತೂ ಕಣ್ಣಿಗೆ ಹೊಡೆಯುವಂಥದ್ದು. ಆಸ್ಕರ್ ರಾಬರ್ಟ್‌ಸನ್ ಹುಟ್ಟಿದ್ದು ಟೆನ್ನೆಸ್ಸಿ, ಜಾರ್ಜ್ ಮೆಕ್‌ಗಿನ್ನಿಸ್ ಅಲಬಾಮಾ, ಮೈಕ್ ಕಾನ್ಲಿ ಅರ್ಕಾನ್ಸಾ, ಗ್ರೆಗ್ ಓಡನ್ ನ್ಯೂಯಾರ್ಕ್. ನಾಲ್ವರೂ ಹೈಸ್ಕೂಲು ಆಡಿದ್ದು ಇಂಡಿಯಾನಾಪೊಲಿಸ್‌ನಲ್ಲಿ. ಕಾನ್ಲಿ ಮತ್ತು ಓಡನ್ ಒಂದೇ ಶಾಲೆಯ ಒಂದೇ ತಂಡದವರು. ಹುಟ್ಟೂರಿನ ಪಟ್ಟಿಯಲ್ಲಿ ಇಂಡಿಯಾನಕ್ಕೆ ಈ ನಾಲ್ವರೂ ಸಿಗುವುದಿಲ್ಲ. ಆದರೆ ಅವರನ್ನು ತಯಾರು ಮಾಡಿದ್ದು ಇಂಡಿಯಾನವೇ: 1911ರಿಂದ ನಡೆದುಕೊಂಡು ಬಂದ ರಾಜ್ಯ ಪಂದ್ಯಾವಳಿ, 1997ರವರೆಗೂ ದೊಡ್ಡ ಶಾಲೆ ಚಿಕ್ಕ ಶಾಲೆ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಕಪ್, ಊರಿಗೆ ಊರೇ ಬಂದು ಕೂರುವಷ್ಟು ದೊಡ್ಡ ಹೈಸ್ಕೂಲು ಒಳಾಂಗಣಗಳು.

ಆದ್ದರಿಂದ ಎರಡು ಪಟ್ಟಿಗಳ ವ್ಯತ್ಯಾಸವನ್ನೇ ಒಂದು ಅಳತೆಗೋಲಾಗಿ ಬಳಸಬೇಕು. ಹುಟ್ಟೂರಿನ ಪಟ್ಟಿಗಿಂತ ಹೈಸ್ಕೂಲಿನ ಪಟ್ಟಿಯಲ್ಲಿ ರಾಜ್ಯ ಮೇಲೇರಿದರೆ ಅದು ಆಟಗಾರರನ್ನು ರೂಪಿಸುವ ಸೀಮೆ. ಇಳಿದರೆ ಮಕ್ಕಳನ್ನು ಕಳುಹಿಸಿಕೊಟ್ಟ ಸೀಮೆ. ಎರಡರಲ್ಲೂ ಗಟ್ಟಿಯಾಗಿ ನಿಂತರೆ ಆ ಹೆಸರನ್ನು ನಂಬಬಹುದು. ಲೂಯಿಸಿಯಾನ ಹಾಗೆ ನಿಲ್ಲುತ್ತದೆ. ರಸೆಲ್ ಓಕ್ಲ್ಯಾಂಡಿಗೆ, ಕ್ಲೈಡ್ ಡ್ರೆಕ್ಸ್ಲರ್ ಹ್ಯೂಸ್ಟನ್‌ಗೆ ಹೋದ ಮೇಲೂ ಬಾಬ್ ಪೆಟಿಟ್, ವಿಲ್ಲಿಸ್ ರೀಡ್, ಎಲ್ವಿನ್ ಹೇಯ್ಸ್, ರಾಬರ್ಟ್ ಪ್ಯಾರಿಷ್, ಕಾರ್ಲ್ ಮಲೋನ್, ಜೋ ಡ್ಯೂಮಾರ್ಸ್ ಉಳಿಯುತ್ತಾರೆ. ಇವರೆಲ್ಲ ಅಲ್ಲೇ ಹುಟ್ಟಿ ಅಲ್ಲೇ ಹೈಸ್ಕೂಲು ಆಡಿದವರು. 2020ರ ಜನಗಣತಿಯಲ್ಲಿ 46 ಲಕ್ಷ ಚಿಲ್ಲರೆ ಜನರಿದ್ದ, ಅದಕ್ಕೂ ಮೊದಲು ಇನ್ನೂ ಚಿಕ್ಕದಾಗಿದ್ದ ರಾಜ್ಯಕ್ಕೆ ಇದು ಅಸಾಧಾರಣ ಬೆಳೆ.

ಈಗ ತಲಾ ಲೆಕ್ಕದ ಅತಿ ದೊಡ್ಡ ಗುಂಡಿಗೆ ಬರೋಣ. ಜನಸಂಖ್ಯೆಗೆ ಭಾಗಿಸಿ ಪಟ್ಟಿ ಮಾಡುವವರೆಲ್ಲ ವಾಷಿಂಗ್ಟನ್ ಡಿ.ಸಿ.ಯನ್ನು ತುದಿಯಲ್ಲಿ ಇಡುತ್ತಾರೆ. ಡಿ.ಸಿ. ಎಂದರೆ 2020ರಲ್ಲಿ 6.9 ಲಕ್ಷ ಜನರಿದ್ದ ನಗರ. ಅದರ ಗಡಿಗೆ ಅಂಟಿಕೊಂಡೇ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ಇದೆ, ಜನಸಂಖ್ಯೆ 9.67 ಲಕ್ಷ. ಕೌಂಟಿಯ ಎಷ್ಟೋ ಮನೆಗಳ ಮಕ್ಕಳು ಹುಟ್ಟುವುದು ಡಿ.ಸಿ.ಯ ಆಸ್ಪತ್ರೆಗಳಲ್ಲಿ. ಕೆವಿನ್ ಡ್ಯುರಾಂಟ್ ಹುಟ್ಟೂರು ಡಿ.ಸಿ. ಎಂದು ದಾಖಲಾಗಿದೆ, ಆಟ ಕಲಿತದ್ದು ಕೌಂಟಿಯ ಸೀಟ್ ಪ್ಲೆಸೆಂಟ್ ಎಂಬ ಪುಟ್ಟ ಊರಿನ ಸಾರ್ವಜನಿಕ ಕ್ರೀಡಾಕೇಂದ್ರದಲ್ಲಿ. ಹೀಗಾಗಿ ಭಾಗಾಕಾರದ ಮೇಲಿನ ಸಂಖ್ಯೆಗೆ ಪಕ್ಕದ ರಾಜ್ಯದ ಮಕ್ಕಳೂ ಸೇರುತ್ತಾರೆ, ಕೆಳಗಿನ ಸಂಖ್ಯೆಯಲ್ಲಿ ನಗರದ ನಿವಾಸಿಗಳು ಮಾತ್ರ ಉಳಿಯುತ್ತಾರೆ. ಉತ್ತರ ಉಬ್ಬಿಕೊಳ್ಳದೆ ಇನ್ನೇನಾಗುತ್ತದೆ?

ಇದಕ್ಕೆ ಪರಿಹಾರ ಎರಡು. ಮೊದಲನೆಯದು, ಡಿ.ಸಿ., ಮೇರಿಲ್ಯಾಂಡಿನ ಪಕ್ಕದ ಕೌಂಟಿಗಳು ಮತ್ತು ಉತ್ತರ ವರ್ಜೀನಿಯಾ ಸೇರಿಸಿ ಒಂದೇ ಮಹಾನಗರ ಪ್ರದೇಶವಾಗಿ ಎಣಿಸುವುದು; ಅಲ್ಲಿನವರು ಡಿಎಂವಿ ಎಂದು ಕರೆಯುವುದು ಇದನ್ನೇ. ಎರಡನೆಯದು, ಅಮೆರಿಕದ ಜನನ ಅಂಕಿ ಅಂಶಗಳ ಇಲಾಖೆ ಜನನಗಳನ್ನು ಎರಡು ರೀತಿ ಪ್ರಕಟಿಸುವುದನ್ನು ಬಳಸಿಕೊಳ್ಳುವುದು: ತಾಯಿ ವಾಸವಿದ್ದ ರಾಜ್ಯದ ಪ್ರಕಾರ ಒಂದು, ಹೆರಿಗೆಯಾದ ರಾಜ್ಯದ ಪ್ರಕಾರ ಇನ್ನೊಂದು. ತಾಣದ ಹುಟ್ಟೂರು ಎರಡನೆಯ ಬಗೆಯದು. ಹಾಗಾಗಿ ಹುಟ್ಟೂರಿನ ಪಟ್ಟಿಯನ್ನು ಭಾಗಿಸುವಾಗ ಹೆರಿಗೆಯಾದ ರಾಜ್ಯದ ಸಂಖ್ಯೆ, ಹೈಸ್ಕೂಲಿನ ಪಟ್ಟಿಯನ್ನು ಭಾಗಿಸುವಾಗ ವಾಸದ ಸಂಖ್ಯೆ. ಇವೆರಡನ್ನು ಅದಲು ಬದಲು ಮಾಡಿದರೆ ಡಿ.ಸಿ.ಯಂಥ ಚಿಕ್ಕ ಜಾಗದಲ್ಲಿ ಲೆಕ್ಕವೇ ತಲೆಕೆಳಗಾಗುತ್ತದೆ.

ಉಬ್ಬನ್ನು ಇಳಿಸಿದ ಮೇಲೂ ಈ ಪ್ರದೇಶ ಸಣ್ಣದಾಗುವುದಿಲ್ಲ, ಅದೇ ಅದರ ಸೊಗಸು. ಲೆನ್ ಬಯಾಸ್, ಡ್ಯುರಾಂಟ್, ವಿಕ್ಟರ್ ಒಲಾಡಿಪೊ, 2017ರ ಡ್ರಾಫ್ಟಿನಲ್ಲಿ (ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ಮೊದಲಿಗರಾದ ಮಾರ್ಕೆಲ್ ಫುಲ್ಟ್ಸ್ ಎಲ್ಲ ಒಂದೇ ಕೌಂಟಿಯ ಹುಡುಗರು. ಹಯಾಟ್ಸ್‌ವಿಲ್‌ನ ಡಿಮಾಥಾ ಕ್ಯಾಥೊಲಿಕ್ ಶಾಲೆಯಲ್ಲಿ ಮಾರ್ಗನ್ ವೂಟನ್ 1956ರಿಂದ 2002ರವರೆಗೆ ತರಬೇತುದಾರರಾಗಿದ್ದು 1,274 ಪಂದ್ಯ ಗೆದ್ದರು. 1965ರಲ್ಲಿ ಆ ಶಾಲೆ ಲ್ಯೂ ಆಲ್ಸಿಂಡರ್ (ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದವರು) ಇದ್ದ ನ್ಯೂಯಾರ್ಕಿನ ಪವರ್ ಮೆಮೋರಿಯಲ್ ತಂಡದ 71 ಪಂದ್ಯಗಳ ಗೆಲುವಿನ ಸರಣಿಯನ್ನು 46–43ರಿಂದ ಮುರಿಯಿತು. ಮನೆಯ ಹತ್ತಿರವೇ ಕ್ರೀಡಾಕೇಂದ್ರ, ಕೆಲವೇ ಮೈಲಿ ಅಂತರದಲ್ಲಿ ಬಲಿಷ್ಠ ಕ್ಯಾಥೊಲಿಕ್ ಶಾಲೆಗಳ ಪೈಪೋಟಿ, ದಶಕಗಟ್ಟಲೆ ಒಂದೇ ಕಡೆ ನೆಲೆನಿಂತ ತರಬೇತುದಾರರು: ಇವು ಮೂರೂ ಒಟ್ಟಿಗೆ ಇರುವ ಕಡೆ ಆಟಗಾರರು ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇರುತ್ತಾರೆ.

ಹಾಗಾದರೆ ಹೈಸ್ಕೂಲಿನ ಪಟ್ಟಿಯೊಂದೇ ಸಾಕಲ್ಲವೇ ಎನ್ನಬಹುದು. ಸಾಲದು. ದೇಶದ ಎಲ್ಲೆಡೆಯಿಂದ ಪ್ರತಿಭಾವಂತ ಹುಡುಗರನ್ನು ಕರೆತಂದು ಒಂದೆರಡು ವರ್ಷ ಆಡಿಸುವ ವಸತಿ ಶಾಲೆಗಳಿವೆ. ವರ್ಜೀನಿಯಾದ ಓಕ್ ಹಿಲ್, ಫ್ಲಾರಿಡಾದ ಮಾಂಟ್‌ವರ್ಡ್ ಮತ್ತು ಐಎಂಜಿ, ಕಾನ್ಸಾಸ್‌ನ ಸನ್‌ರೈಸ್ ಕ್ರಿಶ್ಚಿಯನ್, ಇಂಡಿಯಾನದ ಲಾ ಲುಮಿಯೇರ್, ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ಪ್ರೆಪ್, 2019ರಲ್ಲಿ ಮುಚ್ಚಿದ ನೆವಾಡಾದ ಫಿಂಡ್ಲೆ ಪ್ರೆಪ್ ಈ ಬಗೆಯವು. ಕಾರ್ಮೆಲೊ ಆಂಥೊನಿ ಹುಟ್ಟಿದ್ದು ಬ್ರೂಕ್ಲಿನ್, ಬೆಳೆದದ್ದು ಬಾಲ್ಟಿಮೋರ್, ಹೈಸ್ಕೂಲು ಮುಗಿಸಿದ್ದು ಓಕ್ ಹಿಲ್. 2025ರ ಡ್ರಾಫ್ಟಿನ ಮೊದಲಿಗ ಕೂಪರ್ ಫ್ಲ್ಯಾಗ್ ಮೇನ್ ರಾಜ್ಯದ ನ್ಯೂಪೋರ್ಟಿನವರು, ಕೊನೆಯ ಶಾಲೆ ಮಾಂಟ್‌ವರ್ಡ್. ಆಂಥೊನಿಯ ಆಟದ ಕೀರ್ತಿ ವರ್ಜೀನಿಯಾಕ್ಕೂ ಫ್ಲ್ಯಾಗ್ ಅವರದು ಫ್ಲಾರಿಡಾಕ್ಕೂ ಸೇರಿದರೆ ಅದು ಅನ್ಯಾಯ. ತಾಣದ ಮೆಚ್ಚಬೇಕಾದ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ: ಆಟಗಾರನ ಸ್ವಂತ ಪುಟದಲ್ಲಿ ಓದಿದ ಶಾಲೆಗಳನ್ನು ಸಾಲಾಗಿ ಕೊಟ್ಟಿರುತ್ತದೆ. ಡ್ಯುರಾಂಟ್ ಪುಟದಲ್ಲಿ ಮೂರು ಶಾಲೆಗಳಿವೆ, ಓಕ್ ಹಿಲ್ ಅವುಗಳಲ್ಲಿ ಒಂದು ಮಾತ್ರ. ಕೊನೆಯ ಶಾಲೆ ವಸತಿ ಶಾಲೆಯಾಗಿದ್ದರೆ ಮೊದಲ ಶಾಲೆಯ ಊರನ್ನೇ ಹಿಡಿಯಿರಿ.

ಸ್ವಂತ ಕೋಷ್ಟಕ ಮಾಡಿಕೊಳ್ಳುವ ಕ್ರಮ ಹೀಗೆ. ಕೋಷ್ಟಕದ ಮೇಲಿರುವ ಶೇರ್ ಆ್ಯಂಡ್ ಎಕ್ಸ್‌ಪೋರ್ಟ್ ಮೆನುವಿನಿಂದ ಸಿಎಸ್‌ವಿ (ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದಾದ ಪಠ್ಯರೂಪ) ತೆಗೆಯಿರಿ. ಉದ್ದದ ಕೋಷ್ಟಕಗಳಲ್ಲಿ ತಲೆಸಾಲು ನಡುನಡುವೆ ಮತ್ತೆ ಮತ್ತೆ ಬರುತ್ತದೆ, ಅದನ್ನು ಅಳಿಸದಿದ್ದರೆ ಎಣಿಕೆ ಹೆಚ್ಚಾಗುತ್ತದೆ. ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವರ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಇರುತ್ತದೆ. ಆ ಚಿಹ್ನೆ ಇಲ್ಲದ ಇನ್ನೊಂದು ಪಟ್ಟಿಯ ಜೊತೆ ಹೆಸರಿನ ಮೇಲೆ ಹೊಂದಿಸುವಾಗ ಸರಿಯಾಗಿ ಅತ್ಯುತ್ತಮರೇ ಬಿಟ್ಟುಹೋಗುವುದು ಇದೇ ಕಾರಣಕ್ಕೆ. ಡಾನ್ಚಿಚ್, ಯೋಕಿಚ್ ಮುಂತಾದ ಹೆಸರುಗಳ ವಿಶೇಷ ಅಕ್ಷರಗಳು ಉಳಿಯಬೇಕಾದರೆ ಫೈಲನ್ನು ಯುಟಿಎಫ್-8 ಎಂಬ ಅಕ್ಷರಸಂಕೇತ ಆರಿಸಿ ತೆರೆಯಬೇಕು. ಹೆಸರನ್ನು ನಂಬುವುದೇ ಅಪಾಯ. ಎಡ್ಡಿ ಜಾನ್ಸನ್ ಎಂಬ ಇಬ್ಬರು ಒಂದೇ ಕಾಲದಲ್ಲಿ ಆಡಿದ್ದರು, ಒಬ್ಬರು ಫ್ಲಾರಿಡಾದಲ್ಲಿ ಹುಟ್ಟಿದವರು, ಇನ್ನೊಬ್ಬರು ಶಿಕಾಗೋದಲ್ಲಿ. ಪ್ರತಿ ಆಟಗಾರನ ಪುಟದ ವಿಳಾಸದ ಕೊನೆಯಲ್ಲಿ ಮನೆತನದ ಹೆಸರಿನ ಐದು ಅಕ್ಷರ, ಮೊದಲ ಹೆಸರಿನ ಎರಡು ಅಕ್ಷರ, ಎರಡು ಅಂಕಿ ಸೇರಿದ ಗುರುತು ಇರುತ್ತದೆ. ಹೊಂದಿಸಬೇಕಾದದ್ದು ಅದರ ಮೇಲೆ.

ಅತ್ಯುತ್ತಮ ಎಂದರೆ ಯಾರು ಎಂಬ ಗೆರೆಯನ್ನು ಎಣಿಕೆಗೆ ಮೊದಲೇ ಎಳೆದುಕೊಳ್ಳಬೇಕು. ಒಂದೇ ಪಂದ್ಯ ಆಡಿದವನೂ ಇಪ್ಪತ್ತು ವರ್ಷ ಆಡಿದವನೂ ಈ ಪುಟದಲ್ಲಿ ಒಂದೊಂದು ಸಾಲು. 10,000 ನಿಮಿಷದ ಗೆರೆ ಚೆನ್ನಾಗಿ ಕೆಲಸ ಮಾಡುತ್ತದೆ: ಋತುವಿಗೆ 82 ಪಂದ್ಯ, ಪಂದ್ಯಕ್ಕೆ 25 ನಿಮಿಷ ಎಂದರೆ ಸುಮಾರು 2,050, ಅಂದರೆ ಐದು ವರ್ಷ ಖಾಯಂ ಆಗಿ ಆಡಿದವರು ಮಾತ್ರ ಉಳಿಯುತ್ತಾರೆ. ತುತ್ತತುದಿಯವರೇ ಬೇಕಾದರೆ ಆಲ್-ಎನ್‌ಬಿಎ ತಂಡಗಳನ್ನು, ಅಂದರೆ ಪ್ರತಿ ಋತುವಿನ ಅತ್ಯುತ್ತಮರೆಂದು ಆಯ್ಕೆಯಾದವರ ಗೌರವ ತಂಡಗಳನ್ನು, ಹಿಡಿಯಿರಿ. 1988–89ರಿಂದ ವರ್ಷಕ್ಕೆ 15 ಜನ, ಅದಕ್ಕೂ ಮೊದಲು 10. ನಿಮಿಷದ ಗೆರೆಯಲ್ಲಿ ಇನ್ನೂ ಆಡುತ್ತಿರುವ ಎಳೆಯರು ಹೊರಗುಳಿಯುತ್ತಾರೆ. ಅದಕ್ಕೇ ಹುಟ್ಟಿದ ವರ್ಷವನ್ನೂ ಕಟ್ಟಿಹಾಕಬೇಕು, ಉದಾಹರಣೆಗೆ 1975ರಿಂದ 1994ರವರೆಗೆ.

ಭಾಗಿಸುವ ಸಂಖ್ಯೆಯೂ ಅದೇ ಕಾಲದ್ದಾಗಿರಲಿ. ನೆವಾಡಾದಲ್ಲಿ 1980ರಲ್ಲಿ ಇದ್ದದ್ದು 8 ಲಕ್ಷ ಜನ, 2020ರಲ್ಲಿ 31 ಲಕ್ಷ. 1980ರಲ್ಲಿ ಹುಟ್ಟಿದವರನ್ನು ಇಂದಿನ ಜನಸಂಖ್ಯೆಗೆ ಭಾಗಿಸಿದರೆ ಆ ರಾಜ್ಯಕ್ಕೆ ಸಿಗಬೇಕಾದದ್ದರ ಕಾಲುಭಾಗವೇ ಸಿಗುತ್ತದೆ. ಇನ್ನು ಸಣ್ಣ ಸಂಖ್ಯೆಗಳ ಚಂಚಲತೆ. ಸರಳ ಸೂತ್ರ ಒಂದಿದೆ: ಎಣಿಕೆಯ ವರ್ಗಮೂಲದಷ್ಟು ಆಚೀಚೆ ಅದೃಷ್ಟದ ಪಾಲು. ಒಂದು ರಾಜ್ಯದಲ್ಲಿ 9 ಜನರಿದ್ದರೆ ಅದು 6 ಆಗಿರಬಹುದಿತ್ತು, 12ಕ್ಕೂ ಹೋಗಬಹುದಿತ್ತು. 100 ಇದ್ದರೆ 90ರಿಂದ 110. ಹಾಗಾಗಿ 9 ಮತ್ತು 11ರ ನಡುವೆ ಯಾವ ಸೀಮೆ ಮುಂದೆ ಎಂದು ತೀರ್ಪು ಕೊಡುವುದು ವ್ಯರ್ಥ. ಇಪ್ಪತ್ತಕ್ಕಿಂತ ಕಡಿಮೆ ಆಟಗಾರರಿರುವ ರಾಜ್ಯಗಳನ್ನು ಅಕ್ಕಪಕ್ಕದವುಗಳ ಜೊತೆ ಸೇರಿಸಿ ನೋಡುವುದೇ ಸರಿ.

ರಾಜ್ಯ ಎಂಬ ವಿಂಗಡಣೆಯೇ ಒರಟು. ಕ್ಯಾಲಿಫೋರ್ನಿಯಾ ಒಟ್ಟು ಎಣಿಕೆಯಲ್ಲಿ ಮೇಲಿರುವುದಕ್ಕೆ ಮೊದಲ ಕಾರಣ ಅಲ್ಲಿನ 3.95 ಕೋಟಿ ಜನ. ಅದರೊಳಗೆ ಓಕ್ಲ್ಯಾಂಡನ್ನು ಪ್ರತ್ಯೇಕವಾಗಿ ನೋಡಿದರೆ ಕಥೆ ಬೇರೆ: 4.4 ಲಕ್ಷ ಜನರ ಊರು ರಸೆಲ್, ಗ್ಯಾರಿ ಪೇಟನ್, ಜೇಸನ್ ಕಿಡ್, ಡೇಮಿಯನ್ ಲಿಲ್ಲರ್ಡ್ ಅವರನ್ನು ಬೆಳೆಸಿದೆ. ಸಿಯಾಟಲ್ ಸುತ್ತಮುತ್ತಲಿನಿಂದ ಜೇಸನ್ ಟೆರಿ, ಜಮಾಲ್ ಕ್ರಾಫರ್ಡ್, ಬ್ರ್ಯಾಂಡನ್ ರಾಯ್, ಐಸಯ್ಯ ಥಾಮಸ್, ಜ್ಯಾಕ್ ಲವೀನ್, ಪಾವೊಲೊ ಬಾಂಕೆರೊ ಬಂದಿದ್ದಾರೆ. ವಾಷಿಂಗ್ಟನ್ ರಾಜ್ಯದ ಒಟ್ಟು ಲೆಕ್ಕದಲ್ಲಿ ಈ ದಟ್ಟಣೆ ಕರಗಿಹೋಗುತ್ತದೆ. ಊರಿನ ಕಾಲಂ ಕೋಷ್ಟಕದಲ್ಲಿ ಇದ್ದೇ ಇದೆ, ಆದರೆ ಪಕ್ಕದ ಊರುಗಳನ್ನು ಒಟ್ಟುಗೂಡಿಸಿ ಮಹಾನಗರ ಪ್ರದೇಶವಾಗಿ ತೋರಿಸುವ ವ್ಯವಸ್ಥೆ ಈ ಪುಟದಲ್ಲಿಲ್ಲ. ದೊಡ್ಡ ಕೊರತೆ ಇದು. ಕೈಯಾರೆ ಮಾಡಿಕೊಳ್ಳಬೇಕು.

ಅಮೆರಿಕದ ಹೊರಗೆ ಬಂದೊಡನೆ ನಿಯಮ ತಿರುಗುತ್ತದೆ. ಕೆನಡಾದ ಟೊರೊಂಟೊ ಪ್ರದೇಶವನ್ನೇ ನೋಡಿ. 1995ರಲ್ಲಿ ರ‍್ಯಾಪ್ಟರ್ಸ್ ತಂಡ ಬಂದ ಮೇಲೆ ಬೆಳೆದ ಪೀಳಿಗೆಯಿಂದ ಆಂಥೊನಿ ಬೆನೆಟ್ 2013ರಲ್ಲಿ, ಆ್ಯಂಡ್ರ್ಯೂ ವಿಗ್ಗಿನ್ಸ್ 2014ರಲ್ಲಿ ಡ್ರಾಫ್ಟಿನ ಮೊದಲಿಗರಾದರು. ಹೈಸ್ಕೂಲಿನ ಪಟ್ಟಿ ಹಿಡಿದರೆ ಬೆನೆಟ್ ನೆವಾಡಾದವರು, ವಿಗ್ಗಿನ್ಸ್ ವೆಸ್ಟ್ ವರ್ಜೀನಿಯಾದವರು, 2025ರ ಅತ್ಯಮೂಲ್ಯ ಆಟಗಾರ ಶೇ ಗಿಲ್ಜಸ್-ಅಲೆಕ್ಸಾಂಡರ್ ಟೆನ್ನೆಸ್ಸಿಯವರು ಎಂದಾಗಿಬಿಡುತ್ತದೆ. ಇಲ್ಲಿ ಹುಟ್ಟೂರೇ ಸತ್ಯಕ್ಕೆ ಹತ್ತಿರ. ಬಹಾಮಾಸ್ ಕೂಡ ಹಾಗೆಯೇ. ಸುಮಾರು 4 ಲಕ್ಷ ಜನರ ದ್ವೀಪದೇಶದಿಂದ ಇಬ್ಬರು ಡ್ರಾಫ್ಟಿನ ಮೊದಲಿಗರು, 1978ರಲ್ಲಿ ಮೈಕಲ್ ಥಾಂಪ್ಸನ್, 2018ರಲ್ಲಿ ಡಿಯಾಂಡ್ರೆ ಏಟನ್; ಇಬ್ಬರೂ ಶಾಲೆಗೆ ಅಮೆರಿಕಕ್ಕೆ ಹೋದವರು.

ಆದರೆ ಹುಟ್ಟೂರು ಇಲ್ಲೂ ಕೈಕೊಡುವುದುಂಟು. ಡೊಮಾಂಟಸ್ ಸಬೊನಿಸ್ ಲಿಥುವೇನಿಯಾದ ಆಟಗಾರ, ಹುಟ್ಟಿದ್ದು ಆರೆಗಾನ್‌ನ ಪೋರ್ಟ್‌ಲ್ಯಾಂಡ್, ಏಕೆಂದರೆ ತಂದೆ ಅರ್ವಿದಾಸ್ ಆಗ ಅಲ್ಲಿ ಆಡುತ್ತಿದ್ದರು. 2024ರ ಮೊದಲಿಗ ಜಕಾರಿ ರಿಸಾಶೆ ಫ್ರಾನ್ಸಿನವರು, ಹುಟ್ಟಿದ್ದು ಸ್ಪೇನಿನ ಮಾಲಗಾ. ಟೋನಿ ಪಾರ್ಕರ್ ಹುಟ್ಟಿದ್ದು ಬೆಲ್ಜಿಯಂ, ಸ್ಟೀವ್ ನ್ಯಾಶ್ ದಕ್ಷಿಣ ಆಫ್ರಿಕಾ. ಕೈರಿ ಇರ್ವಿಂಗ್ ಮೆಲ್ಬರ್ನ್‌ನಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲಿ ಬೆಳೆದವರು. ಇವರನ್ನು ಸರಿಯಾದ ಕಡೆ ಇಡಲು ರಾಷ್ಟ್ರೀಯ ತಂಡ ಯಾವುದು ಎಂದು ನೋಡುವುದೇ ಸುಲಭದ ದಾರಿ. ಫ್ರಾನ್ಸನ್ನು ಎಣಿಸುವಾಗ ಗ್ವಾಡಲೂಪ್ ಮತ್ತು ಮಾರ್ಟಿನಿಕ್ ದ್ವೀಪಗಳನ್ನು ಮರೆಯಬಾರದು. ಮಿಕಾಯೆಲ್ ಪಿಯೆಟ್ರುಸ್, ರಾನಿ ಟುರಿಯಾಫ್ ಅಲ್ಲಿನವರು. 2024ರ ಡ್ರಾಫ್ಟಿನ ಮೊದಲ ಆರರಲ್ಲಿ ಮೂವರು ಫ್ರೆಂಚರು. ಹಿಂದಿನ ವರ್ಷದ ಮೊದಲಿಗ ವಿಕ್ಟರ್ ವೆಂಬನ್ಯಾಮ. ಅಮೆರಿಕ ಮತ್ತು ಕೆನಡಾ ಬಿಟ್ಟರೆ ಇಂದು ಅತ್ಯಂತ ಫಲವತ್ತಾದ ನೆಲ ಫ್ರಾನ್ಸ್ ಎಂದು ಧೈರ್ಯವಾಗಿ ಹೇಳಬಹುದು.

ತಲಾ ಲೆಕ್ಕಕ್ಕೆ ಬಂದರೆ ಹಳೆಯ ಯುಗೊಸ್ಲಾವಿಯಾದ ದೇಶಗಳು ಮತ್ತು 28 ಲಕ್ಷ ಜನರ ಲಿಥುವೇನಿಯಾವನ್ನು ಈ ಪುಟದಿಂದ ಅಳೆಯಲು ಹೋಗಬಾರದು. ಲಿಥುವೇನಿಯಾ 1992, 1996, 2000ರ ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ಕಂಚು ಗೆದ್ದ ದೇಶ. ಅಲ್ಲಿನ ಎಷ್ಟೋ ಉತ್ತಮ ಆಟಗಾರರು ಇಡೀ ವೃತ್ತಿಯನ್ನು ಯೂರೋಪಿನ ಲೀಗುಗಳಲ್ಲೇ ಕಳೆಯುತ್ತಾರೆ, ಎನ್‌ಬಿಎ ಪಟ್ಟಿಗೆ ಬರುವುದೇ ಇಲ್ಲ. ಸೆರ್ಬಿಯಾಕ್ಕೂ ಇದೇ ಮಾತು: 2014 ಮತ್ತು 2023ರ ವಿಶ್ವಕಪ್ ಫೈನಲ್ ಆಡಿದ ತಂಡಗಳ ಬಲವನ್ನು ಎನ್‌ಬಿಎ ತಲೆ ಎಣಿಕೆಯಿಂದ ಊಹಿಸಲಾಗದು.

ಹೈಸ್ಕೂಲು ಹುಡುಗರಿಗೆ ಶ್ರೇಯಾಂಕ ಕೊಡುವ ಸೇವೆಗಳನ್ನೂ ಕೆಲವರು ಈ ಪ್ರಶ್ನೆಗೆ ಬಳಸುತ್ತಾರೆ. 1998ರಿಂದ ಅಂಥ ಹಲವು ಶ್ರೇಯಾಂಕಗಳನ್ನು ಒಟ್ಟುಗೂಡಿಸಿ ನೂರು ಜನರ ಪಟ್ಟಿ ಮಾಡುವ ಆರ್‌ಎಸ್‌ಸಿಐ ಸ್ಥಾನವನ್ನು ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ಆಟಗಾರನ ಪುಟದಲ್ಲೇ ಕೊಡುತ್ತದೆ. ಭವಿಷ್ಯದ ಸುಳಿವಿಗೆ ಅದು ಚೆನ್ನ. ಸೀಮೆಗಳ ಹೋಲಿಕೆಗೆ ಅಷ್ಟು ಒಳ್ಳೆಯದಲ್ಲ, ಏಕೆಂದರೆ ವಸತಿ ಶಾಲೆಗಳ ಗೊಂದಲ ಅಲ್ಲಿ ಇನ್ನೂ ಹೆಚ್ಚು, ವಿದೇಶಿ ಕ್ಲಬ್ಬುಗಳಲ್ಲಿ ಬೆಳೆದವರು ಇರುವುದೇ ಇಲ್ಲ, ಕರ್ರಿ ಮತ್ತು ಲಿಲ್ಲರ್ಡ್ ಇಬ್ಬರೂ ಆ ನೂರರ ಹೊರಗಿದ್ದವರು.

ಪಟ್ಟಿ ಸಿದ್ಧವಾದ ಮೇಲೆ ಒರೆಗೆ ಹಚ್ಚಲು ಒಂದು ಸಣ್ಣ ಪರೀಕ್ಷೆ ಮಾಡಿ. 2008ರಿಂದ 2025ರವರೆಗಿನ 18 ಡ್ರಾಫ್ಟ್ ಮೊದಲಿಗರ ಹುಟ್ಟೂರು ಬರೆದುಕೊಂಡರೆ ಶಿಕಾಗೋ ಎರಡು ಸಲ, ಟೊರೊಂಟೊ ಎರಡು ಸಲ, ಮೆಲ್ಬರ್ನ್ ಎರಡು ಸಲ ಬರುತ್ತದೆ. ಒಟ್ಟು ಎಣಿಕೆಯಲ್ಲಿ ಸದಾ ಮೇಲಿರುವ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ಒಂದು ಸಲವೂ ಇಲ್ಲ. ಹದಿನೆಂಟು ಸಣ್ಣ ಸಂಖ್ಯೆಯೇ, ಅದರಿಂದ ಈ ಎರಡು ರಾಜ್ಯಗಳನ್ನು ತಳ್ಳಿಹಾಕಲಾಗದು. ಆದರೆ ಖಾಯಂ ಆಟಗಾರರ ಪಟ್ಟಿಯಲ್ಲೂ ತುತ್ತತುದಿಯವರ ಪಟ್ಟಿಯಲ್ಲೂ ಒಂದೇ ಸೀಮೆ ಮೇಲಿದೆ ಎಂದು ನಿಮ್ಮ ಕೋಷ್ಟಕ ಹೇಳುತ್ತಿದ್ದರೆ ಗೆರೆ ಎಳೆದ ಜಾಗವನ್ನು ಇನ್ನೊಮ್ಮೆ ನೋಡಿ.

ಎಲ್ಲ ರಾಜ್ಯಗಳ ಪುಟಗಳನ್ನು ಸ್ಕ್ರಿಪ್ಟ್ ಬರೆದು ಒಮ್ಮೆಗೇ ಇಳಿಸಿಕೊಳ್ಳುವ ಆಲೋಚನೆ ಇರುವವರಿಗೆ ಕೊನೆಯದೊಂದು ಮಾತು. ತಾಣ ನಿಮಿಷಕ್ಕೆ 20ಕ್ಕಿಂತ ಹೆಚ್ಚು ಕೋರಿಕೆ ಕಳಿಸುವವರನ್ನು ತಡೆಹಿಡಿಯುತ್ತದೆ, ತಡೆ ಒಂದು ದಿನದವರೆಗೂ ಇರಬಹುದು. ಪ್ರತಿ ಪುಟಕ್ಕೆ ನಾಲ್ಕು ಸೆಕೆಂಡ್ ಬಿಡುವು ಕೊಟ್ಟರೆ ನಿಮಿಷಕ್ಕೆ 15 ಆಗುತ್ತದೆ. ಐವತ್ತು ರಾಜ್ಯಗಳ ಎರಡೂ ಪಟ್ಟಿ, ಅಂದರೆ ನೂರು ಪುಟ, ಏಳು ನಿಮಿಷದೊಳಗೆ ಕೈಸೇರುತ್ತದೆ.